ಅತ್ತೆಯ ಕೈಗೆ ಚಾಕು ಕೊಟ್ಟವರ ಮೇಲೊಂದು ದೂರು

ಕಿತ್ತೂರಿನಲ್ಲಿ ಸ್ವಂತ ಕುಲುಮೆ ಹೂಡಿ, ಒಂದೊಂದು ಚಾಕುವನ್ನೂ ಕೈಯಿಂದಲೇ ಬಡಿದು, ಹೇಳಿ ಮಾಡಿಸಿಕೊಳ್ಳುವವರಿಗಷ್ಟೇ ಕೊಡುವ, ರಾಮದುರ್ಗದವರೆಗೂ ಕೀರ್ತಿ ಹಬ್ಬಿಸಿಕೊಂಡಿರುವ ಕುಮಾರಿ ಪೂನಮ್ ಅವರ ಸನ್ನಿಧಾನಕ್ಕೆ, ಬೈಲಹೊಂಗಲ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಿಂದ ಅನ್ನಪೂರ್ಣಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕುಲುಮೆಯ ಬೆಂಕಿ ಆರದಿರಲಿ, ತಮ್ಮ ಸುತ್ತಿಗೆಗೆ ದಣಿವಾಗದಿರಲಿ ಎಂದು ಹಾರೈಸಿಯೇ ಈ ದೂರನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ತಮ್ಮ ಚಾಕು ಮೊಂಡಾಗಿದ್ದರೆ, ತುಕ್ಕು ಹಿಡಿದಿದ್ದರೆ, ಹಿಡಿಕೆ ಕಳಚಿ ಬಿದ್ದಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಂಥವುಗಳ ಜೊತೆ ಬಾಳುವೆ ಮಾಡುವುದು ನಮಗೆ ರೂಢಿಯಾಗಿದೆ. ನನ್ನ ತಕರಾರೇನೆಂದರೆ, ಅದು ಚೆನ್ನಾಗಿದೆ.

ತಮಗೆ ಗೊತ್ತಿರುವ ಸಂಗತಿಯನ್ನೇ, ಓದುವ ನಾಲ್ಕು ಜನರಿಗಾಗಿ ಮತ್ತೆ ಅರಿಕೆ ಮಾಡಿಕೊಳ್ಳುತ್ತೇನೆ. ಈ ಖಾನಾವಳಿಯನ್ನು ಹೂಡಿದವರು ನಮ್ಮ ಅತ್ತೆ ಗುರವ್ವ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಆದರೆ ಹೆಬ್ಬೆರಳೂ ಅದರ ಪಕ್ಕದ ಬೆರಳೂ ಪೂರ್ತಿ ಮಡಚಲಿಲ್ಲ. ಏನು ಹಿಡಿದರೂ ಜಾರಿ ಬೀಳುತ್ತಿತ್ತು. ಕೆಲವು ದಿನ ಹಟ ಹಿಡಿದು ನೋಡಿದವರು, ಒಂದು ಮುಂಜಾನೆ ಚಾಕುವನ್ನು ಗೋಡೆಯ ಮಾಡದಲ್ಲಿಟ್ಟು, "ನನ್ನ ಕೈ ಹೋತು. ಇನ್ನ ಆ ಒಲಿ ನಿಂದು, ನೀ ನೋಡ್ಕೋ" ಎಂದು ಹೊರಗೆ ಕುರ್ಚಿಯಲ್ಲಿ ಕುಳಿತುಬಿಟ್ಟರು.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ಎಣಗಾಯಿ ಪಲ್ಯಕ್ಕೆ ನನಗೆ ಬೇಕಾದಷ್ಟು ಬೆಲ್ಲ ಹಾಕಿದೆ. ಪಾತ್ರೆಗಳನ್ನು ನನಗೆ ಬೇಕಾದ ಕಡೆ ಇಟ್ಟೆ. ಗುರವ್ವನ ಖಾನಾವಳಿ ಎನ್ನುತ್ತಿದ್ದ ಜನ ಅನ್ನಪೂರ್ಣಕ್ಕನ ಖಾನಾವಳಿ ಎನ್ನತೊಡಗಿದರು. ಆದರೆ ಒಂದು ದಿನ, ದೊಡವಾಡ ಬಸ್ಸಿನ ಡ್ರೈವರ್ ದುರ್ಗಪ್ಪ ಊಟಕ್ಕೆ ಕುಳಿತು, "ಅಕ್ಕಾರ, ಈ ಉಳ್ಳಾಗಡ್ಡಿ ಹೆಚ್ಚೀರೋ ಕಲ್ಲಿಲೇ ಜಜ್ಜೀರೋ?" ಎಂದ. ಅಂಥ ಮಾತಿಗೆ ಮೊದಲಾಗಿದ್ದರೆ ಅತ್ತೆಯವರು ಅವನನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ತೊಳೆದುಬಿಡುತ್ತಿದ್ದರು. ಆ ದಿನ ಅವರು ತಲೆಯೆತ್ತಿಯೂ ನೋಡಲಿಲ್ಲ. ನನಗೆ ಹೆದರಿಕೆಯಾಯಿತು. ಮರುದಿನವೇ ಅವರನ್ನು ಬಸ್ ಹತ್ತಿಸಿ ತಮ್ಮಲ್ಲಿಗೆ ಕರೆತಂದೆ.

ಬಂದವರಿಗೆ ನೀರು ಕೊಡುವ ಮೊದಲು ಉಳ್ಳಾಗಡ್ಡಿ ಕೊಡುವ ತಮ್ಮ ಆತಿಥ್ಯವನ್ನು ಯಾವ ಬಾಯಿಂದ ಹೊಗಳಲಿ! ಹೊರಗಿನ ಗಿರಾಕಿಗಳೆಲ್ಲ ನಿಂತಿರುವಾಗಲೇ ತಾವು ಅತ್ತೆಯವರ ಮುಂದೆ ಹಲಗೆ ಸರಿಸಿ, "ಹೆಚ್ಚರಿ, ನೋಡ್ತೇನಿ" ಎಂದಿರಿ. ಚಾಕು ಜಾರಿತು, ಉಳ್ಳಾಗಡ್ಡಿ ಉರುಳಿ ತಾವು ಕಬ್ಬಿಣ ಬಡಿಯುವ ಅಡಿಗಲ್ಲಿನ ಕೆಳಗೆ ಹೋಯಿತು. ಅತ್ತೆಯವರ ಮುಖ ಕಪ್ಪಿಟ್ಟಿತು. "ನನ್ನ ಮರ್ಯಾದಿ ಕಳ್ಯಾಕ ಇಲ್ಲೀತನ ಕರ್ಕೊಂಡ ಬಂದಿಯೇನ?" ಎಂದು ನನ್ನ ಮೇಲೆ ಹರಿಹಾಯ್ದರು. ತಾವಾದರೋ, ಸಮಾಧಾನದ ಒಂದು ಮಾತಾಡಿ ಬಾಯಿ ಸವೆಸಿಕೊಳ್ಳದೆ, ಉಳ್ಳಾಗಡ್ಡಿಯನ್ನು ಹೆಕ್ಕಿ, ಒರೆಸಿ, ಮತ್ತೆ ಹಲಗೆಯ ಮೇಲಿಟ್ಟಿರಿ.

"ಕೈದು ತಪ್ಪಿಲ್ಲರಿ ಅವ್ವಾರ, ಹಿಡಿಕಿದು ತಪ್ಪೈತಿ. ಇನ್ನೊಮ್ಮೆ ಹಿಡೀರಿ."

"ಹೆಣ್ಮಗಳು ಬಡದ ಚಾಕು ಏನ್ ಕೊಯ್ತೈತಿ ಬಿಡು" ಎಂದರು ಅತ್ತೆ.

"ಹೆಣ್ಮಗಳು ಹೂಡಿದ ಖಾನಾವಳಿ ನಡದಿಲ್ಲೇನ್ರಿ?"

ನಮ್ಮ ಅತ್ತೆಯವರು ಸೆರಗು ಸಿಕ್ಕಿಸಿ ಹಲಗೆಯ ಹತ್ತಿರ ಸರಿದರು. ಅವರು ಮತ್ತೆ ಹಿಡಿದರು.

ಚಾಕು ಕೇಳಿ ಬಂದವರಿಗೆ ತಾವು ಕೊಟ್ಟು ಕಳಿಸಿದ್ದು ಚಾಕುವಿನ ಆಕಾರದ ಕಟ್ಟಿಗೆ. ಅದನ್ನು ದಿನವೂ ಹಿಡಿದು ಎಲ್ಲಿ ನೋಯುತ್ತದೆಂದು ಹೇಳಬೇಕಂತೆ. ಅತ್ತೆಯವರು ಟಿವಿ ನೋಡುವಾಗಲೂ ಅದನ್ನು ಹಿಡಿದರು, ಓಣಿಯಲ್ಲಿ ತಿರುಗುವಾಗಲೂ ಹಿಡಿದರು. ಎದುರು ಮನೆಯ ಕರೆವ್ವ, "ಯಾರನ್ನ ಬಡ್ಯಾಕ ಹೊಂಟೀರಿ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ನಾನು ಫೋನ್ ಮಾಡಿದಾಗಲೆಲ್ಲ ತಾವು, "ಕಬ್ಬಿಣಕ್ಕ ಅವಸರ ಇಲ್ಲರಿ ಅಕ್ಕಾರ" ಎನ್ನುತ್ತಿದ್ದಿರಿ. ಕಬ್ಬಿಣಕ್ಕಿಲ್ಲದ ಅವಸರ ಹಸಿದು ಬರುವ ಬಸ್ ಡ್ರೈವರುಗಳಿಗೂ ಇರಬಾರದೆಂಬ ತಮ್ಮ ತತ್ವವನ್ನು ನಾನು ಅವರಿಗೆ ತಿಳಿಸಿ ಹೇಳಿದೆ. ಅವರು ಪಕ್ಕದ ಹೋಟೆಲಿಗೆ ಹೋದರು.

ಕೊನೆಗೂ ಚಾಕು ಸಿದ್ಧವಾಯಿತೆಂದು ಬಂದೆವು. ಕನ್ನಡಿಯಂಥ ಅಲಗು! ಅತ್ತೆಯವರು ಸೌತೆಕಾಯಿ ಹೆಚ್ಚಿದರು, ಹೋಳುಗಳು ಸಾಲಾಗಿ ಬಿದ್ದವು. ದುಡ್ಡು ಕೊಡಲೆಂದು ನಾನು ಚೀಲ ಬಿಚ್ಚುವಷ್ಟರಲ್ಲಿ ತಾವು ಅದನ್ನು ಅವರ ಕೈಯಿಂದ ಕಸಿದುಕೊಂಡು, ಸುತ್ತಿಗೆಯಿಂದ ಹಿಡಿಕೆಯನ್ನು ಒಡೆದು ಚೂರು ಮಾಡಿದಿರಿ. ಯಾಕೆಂದು ಕೇಳಿದರೆ, "ಭುಜ ಎತ್ತಾಕ ಹತ್ಯಾರಲ್ರಿ. ಹಿಂಗ ಹೆಚ್ಚಿದ್ರ ಭುಜಾನೂ ಹೋಗತೈತಿ." ನಾನು ಚೀರುವುದೊಂದು ಬಾಕಿ. ಅತ್ತೆಯವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈಕಿ ನನಗಿಂತ ಮೊಂಡ ಅದಾಳವಾ!" ಬಿದ್ದಾಗಿನಿಂದ ಅವರು ನಕ್ಕಿರಲಿಲ್ಲ. ಆ ನಗೆಗಾಗಿ ತಮ್ಮ ತಡವನ್ನೆಲ್ಲ ಕ್ಷಮಿಸುವವಳಿದ್ದೆ. ಆದರೆ ತಾವು ಎರಡನೆಯ ಚಾಕು ಮಾಡಿದಿರಿ.

ಅದರ ಜಾಲಿ ಕಟ್ಟಿಗೆಯ ಹಿಡಿಕೆ ಅಂಗೈಯಲ್ಲಿ ಕುಳಿತು, ಹೊರಗಡೆಯಿಂದ ಬೆರಳುಗಳ ಗೆಣ್ಣುಗಳನ್ನು ತಾನೇ ಬಳಸಿ ಹಿಡಿಯುತ್ತದೆ. ಹಿಡಿಯಬೇಕಾದ ಕೈ ಹಿಡಿಯದಿದ್ದರೆ ಚಾಕುವೇ ಕೈಯನ್ನು ಹಿಡಿಯಲಿ ಎಂಬ ಏರ್ಪಾಟು. ಮನೆಗೆ ಬಂದ ಅತ್ತೆಯವರು ಸೀರೆಯನ್ನೂ ಬದಲಿಸದೆ ಒಳಗೆ ಹೋಗಿ, "ಸರಿ ಅತ್ಲಾಗ" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಬುಟ್ಟಿ ಉಳ್ಳಾಗಡ್ಡಿ ಹೆಚ್ಚಿ ಮುಗಿಸಿದರು. ಬೆರಳು ಮಡಚಿರಲಿಲ್ಲ, ಚಾಕು ಜಾರಲೂ ಇಲ್ಲ. ಅವರ ಕಣ್ಣಲ್ಲಿ ನೀರಿತ್ತು. ಉಳ್ಳಾಗಡ್ಡಿ ಘಾಟು ಎಂದರು. ನಾನೂ ಹಾಗೆಯೇ ಎಂದೆ.

ಮಾನ್ಯರೇ, ಮರುದಿನದಿಂದ ನನ್ನ ಗತಿ ಕೇಳಿ. "ಎಣಗಾಯಿ ಮಾಡೀಯೋ ಹೋಳಿಗಿ ಮಾಡೀಯೋ?" ಎಂದು ನನ್ನ ಬೆಲ್ಲದ ಡಬ್ಬಿ ಅಟ್ಟಕ್ಕೇರಿತು. ಪಾತ್ರೆಗಳು ತಮ್ಮ ಹಳೆಯ ಜಾಗಗಳಿಗೆ ಮೆರವಣಿಗೆ ಹೋದವು. ಡ್ರೈವರುಗಳು ಮರಳಿ ಬಂದರು, ಮತ್ತು ಇದು ಮತ್ತೆ ಗುರವ್ವನ ಖಾನಾವಳಿಯಾಯಿತು. ಒಲೆಯೊಡತಿಯಾಗಿದ್ದ ನಾನು ರೊಟ್ಟಿ ಬಡಿಯುವ ಹುದ್ದೆಗೆ ಮರಳಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಆ ಚಾಕು ವಾರಕ್ಕೊಂದು ದಿನವಾದರೂ ತಾನಾಗಿ ಮೊಂಡಾಗುವಂತೆ ಅಲಗಿಗೆ ಹೊಸ ಹದ ಕೊಡಬೇಕು. ಅದಾಗದಿದ್ದರೆ, ಚಾಕುವಿಗೆ ಚರ್ಮದ ಒರೆ ಹೊಲಿದಂತೆ ಅತ್ತೆಯವರ ನಾಲಿಗೆಗೂ ಒಂದು ಒರೆ ಹೊಲಿದು ಕಳಿಸಬೇಕು. ಅಳತೆಗೆ ಅವರನ್ನು ಕರೆತರುವ ಧೈರ್ಯ ನನಗಿಲ್ಲ. ಅಂದಾಜಿನ ಮೇಲೆ ಹೊಲಿಯಿರಿ, ದೊಡ್ಡದೇ ಇರಲಿ.

ಸಿಟ್ಟು ಇನ್ನೂ ಇಳಿಯದಿದ್ದರೂ
ತಮ್ಮ ವಿಶ್ವಾಸಿಯೇ ಆಗಿರುವ,
ಅನ್ನಪೂರ್ಣಾ

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಅತ್ತೆಯವರ ಅಪ್ಪಣೆಯಾಯಿತು: "ಸೋಮವಾರ ಕಿತ್ತೂರಿಗೆ ಹೋಗೂಣು. ನಿನ್ನ ಕೈಗೂ ಒಂದ್ ಮಾಡಿಸ್ತೇನಿ. ಎಷ್ಟಂತ ನಾ ಒಬ್ಬಾಕಿನ ಹೆಚ್ಚಲಿ?" ದಯಮಾಡಿ ಆ ದಿನ ತಮ್ಮ ಕುಲುಮೆ ಮುಚ್ಚಿಟ್ಟು ಈ ಬಡವಳನ್ನು ಕಾಪಾಡಿ. ಮುಚ್ಚುವುದು ಆಗುವುದೇ ಇಲ್ಲವೆಂದಾದರೆ, ನನ್ನ ಚಾಕು ಅವರದಕ್ಕಿಂತ ಒಂದು ಬೆರಳು ಉದ್ದವಿರಲಿ.