ಬೀಗಿತ್ತಿಯ ಬರ್ಗಂಡಿ ಸೀರೆ

ಇಂಗ್ಲಿಷಿನ ಬಣ್ಣಗಳ ವಿಷಯದಲ್ಲಿ ನನ್ನನ್ನು ಪ್ರಶ್ನಿಸುವವರು ಆಗ ಚನ್ನರಾಯಪಟ್ಟಣದಲ್ಲಿ ಯಾರೂ ಇರಲಿಲ್ಲ. ಮಿಡ್ಲ್‌ಸ್ಕೂಲಿನ ಇಂಗ್ಲಿಷ್ ಮೇಷ್ಟ್ರಾದ ನನಗೇ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿದ್ದೀತು? ಅಪ್ಪ ತೀರಿಕೊಂಡ ಮೇಲೆ ತಂಗಿ ಗೌರಿಗೆ ತಂದೆಯ ಸ್ಥಾನದಲ್ಲಿದ್ದವನೂ ನಾನೇ. ಹೀಗಾಗಿ ಅವಳ ಮದುವೆಗೆ ಬೀಗಿತ್ತಿಯ ಸೀರೆ ತರುವ ಗುರುತರ ಹೊಣೆ ಹೊತ್ತು ಹಾಸನಕ್ಕೆ ಹೋದೆ.

ಅಂಗಡಿಯವನು ಬಿಚ್ಚಿದ ರೇಷ್ಮೆ ಸೀರೆ ಕಡುಗೆಂಪು. ಕುಂಕುಮದ್ದಲ್ಲ, ದಾಳಿಂಬೆಯದ್ದಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಬರ್ಗಂಡಿ' ಎಂದಿತ್ತು. ಮನೆಗೆ ಬಂದವನೇ ಡಿಕ್ಷನರಿ ತೆಗೆದೆ. ಫ್ರಾನ್ಸ್ ದೇಶದ ಒಂದು ಸೀಮೆ. ಅಲ್ಲಿ ಮಾಡುವ ದ್ರಾಕ್ಷಿ ಮದ್ಯ. ಆ ಮದ್ಯದ ಬಣ್ಣ. ಇಷ್ಟು ಜ್ಞಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ಮನುಷ್ಯಮಾತ್ರದವರಿಂದ ಸಾಧ್ಯವೇ?

"ಯಾರಾದ್ರೂ ಕೇಳುದ್ರೆ ಕೆಂಪು ಅಂದ್ಬುಟ್ಟು ಸುಮ್ಕಿರಿ," ಎಂದಳು ಹೆಂಡತಿ. ಅವಳ ಅಜ್ಞಾನಕ್ಕೆ ಮರುಗಿದೆ.

ಮದುವೆಯ ದಿನ ಅರಕಲಗೂಡಿನಿಂದ ಗಂಡಿನ ಕಡೆಯವರು ಗಾಡಿಗಳಲ್ಲಿ ಬಂದಿಳಿದರು. ಗೌರಿಯ ಅತ್ತೆಯಾಗುವವರು ನಾವು ಕೊಟ್ಟ ಸೀರೆ ಉಟ್ಟೇ ಧಾರೆಗೆ ನಿಲ್ಲಬೇಕು, ಅದು ಪದ್ಧತಿ. ಸೀರೆ ನೋಡಿ ಆಕೆಯ ಮುಖ ಅರಳಿತು.

"ಎಷ್ಟು ಲಕ್ಷಣವಾಗೈತೆ. ಇದ್ಯಾವ ಬಣ್ಣ ಮೇಷ್ಟ್ರೇ?"

ಹೆಂಡತಿ ನನ್ನ ಕೋಟು ಜಗ್ಗಿದಳು. ನಾನು ಗಂಟಲು ಸರಿಮಾಡಿಕೊಂಡು ಫ್ರಾನ್ಸಿನ ಭೂಗೋಳದಿಂದ ಆರಂಭಿಸಿ, ದ್ರಾಕ್ಷಿ ತೋಟ ಹಾದು, ಪೀಪಾಯಿಯವರೆಗೆ ಬಂದೆ. ವಾಲಗದವರೂ ಊದುವುದನ್ನು ಬಿಟ್ಟು ಕೇಳಿದರು.

"ಅಂದ್ರೆ ಎಂಡದ ಬಣ್ಣ ಅನ್ನಿ." ಬೀಗಿತ್ತಿ ಸೀರೆಯನ್ನು ತಟ್ಟೆಗೆ ಹಾಕಿದರು.

"ಹೆಂಡವಲ್ಲ ತಾಯಿ. ಹೆಂಡ ಈಚಲಿನದು. ಇದು ದೊರೆಗಳು ಕುಡಿಯುವಂಥದು," ಎಂದೆ. ತಪ್ಪು ಕಂಡರೆ ತಿದ್ದುವುದು ನನ್ನ ವೃತ್ತಿಧರ್ಮ.

ಆಕೆ ಗಂಡನತ್ತ ತಿರುಗಿದರು. "ಲಿಂಗ ಕಟ್ಕಂಡಿರೋ ಮೈಗೆ ಇದನ್ನ ಸುತ್ಕಂಡು ಧಾರೆಗೆ ನಿಂತ್ಕಳನಾ? ಗಾಡಿ ಕಟ್ಸಿ."

ಚಪ್ಪರದಲ್ಲಿ ಮದುವೆ ಮುರಿದ ಹುಡುಗಿಯನ್ನು ಆಮೇಲೆ ಯಾರು ಕೇಳುತ್ತಾರೆ? ಅಪ್ಪನಿಲ್ಲದ ಮಗುವಿನ ಬಾಳನ್ನು ಒಂದು ಡಿಕ್ಷನರಿಗೆ ಬಲಿ ಕೊಟ್ಟೆನಲ್ಲಾ!

ಒಳಗಿನಿಂದ ಅರಿಶಿನದ ಕೈಯಲ್ಲೇ ಗೌರಿ ಹೊರಗೆ ಬಂದಳು.

"ಅತ್ತೆ, ಅಣ್ಣಯ್ಯ ಪುಸ್ತಕದಲ್ಲಿದ್ದದ್ದು ಹೇಳ್ತು. ನೇರಳೆಹಣ್ಣು ಕಿವುಚುದ್ರೆ ಇದೇ ಬಣ್ಣ ಅಲ್ವಾ? ಆ ದೇಶದೋರು ನೇರಳೆ ಕಂಡಿದ್ರೆ ಎಂಡದ ಎಸ್ರು ಯಾಕಿಕ್ತಿದ್ರು?"

ಬೀಗಿತ್ತಿ ತಟ್ಟೆಯಲ್ಲಿದ್ದ ಸೀರೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದರು. "ನೀನು ಸಂಸಾರ ಮಾಡೋ ಎಣ್ಣು ಕಣವ್ವ," ಎಂದು ಸೀರೆ ಎತ್ತಿಕೊಂಡರು. "ಆದ್ರೆ ಮದ್ವೆ ಮುಗಿಯೋಗಂಟ ನಿಮ್ಮಣ್ಣ ಬಾಯಿ ಬಿಡಬಾರ್ದು."

ನನ್ನ ಪರವಾಗಿ ಹೆಂಡತಿ ತಕ್ಷಣ ಒಪ್ಪಿದಳು. ಧಾರೆಯಲ್ಲಿ ನಾನು ಮೂಕ. ಪಂಕ್ತಿಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಮೂಕ.

ಸಂಜೆ ಗಾಡಿ ಹತ್ತುವ ಮುನ್ನ ಗೌರಿ ನನ್ನ ಕಾಲಿಗೆ ಬಿದ್ದು, "ಓಗ್ಬತ್ತೀನಿ ಅಣ್ಣಯ್ಯ," ಎಂದು ಅತ್ತಳು. ಅಪ್ಪ ಇದ್ದಿದ್ದರೆ ಏನೇನು ಹೇಳುತ್ತಿದ್ದರೋ ಅದನ್ನೆಲ್ಲ ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ. ಕರಾರು ನೆನೆದು ತುಟಿ ಕಚ್ಚಿ ನಿಂತೆ.

"ಮದ್ವೆ ಮುಗೀತು, ಈಗ ಮಾತಾಡಿ ಮೇಷ್ಟ್ರೇ," ಎಂದರು ಬೀಗಿತ್ತಿ, ಮೆತ್ತಗೆ.

ಬಾಯಿ ತೆರೆದೆ. ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಒಂದು ಮಾತೂ ಹೊರಡಲಿಲ್ಲ.