ಇವರ ಆಲ್ಬಂ ಬರಬೇಕಾದರೆ ನಾನು ಬಿಟ್ಟು ಹೋಗಬೇಕು

ಗಂಡ ಸುಖವಾಗಿದ್ದರೆ ಮನೆಗೆ ನೆಮ್ಮದಿ ಅಂತ ಹೇಳುವವರು ಒಮ್ಮೆ ಬ್ಲೂಸ್ ಹಾಡುವವರನ್ನು ಮದುವೆಯಾಗಿ ನೋಡಬೇಕು. ನಮ್ಮಲ್ಲಿ ಮೂರು ವರ್ಷದಿಂದ ವಾರಕ್ಕೊಂದು ತಮಾಷೆ ನಡೆಯುತ್ತಲೇ ಉಂಟು. ಎಲ್ಲದಕ್ಕೂ ಕಾರಣ ಇವರ ಆಲ್ಬಂ. ಈಗ ಬರ್ತದೆ, ಆಗ ಬರ್ತದೆ ಅಂತ ಇಡೀ ಕಾಪುವಿಗೆ ಗೊತ್ತು. ಬರುವುದು ಮಾತ್ರ ಕಾಣುತ್ತಿರಲಿಲ್ಲ.

ಗಿಟಾರ್ ಬಂದದ್ದು

ಇವರು ಮಣಿಪಾಲದಲ್ಲಿ ಎ.ಸಿ. ಮೆಕ್ಯಾನಿಕ್. ಒಮ್ಮೆ ಹೊರದೇಶದ ಒಬ್ಬ ವಿದ್ಯಾರ್ಥಿಯ ರೂಮಿಗೆ ರಿಪೇರಿಗೆ ಹೋದವರು, ಆ ಹುಡುಗ ಗಿಟಾರ್ ಬಾರಿಸುವುದನ್ನು ಕೇಳಿ ಅಲ್ಲೇ ಕೂತುಬಿಟ್ಟರಂತೆ. ಆಮೇಲೆ ಆ ರೂಮಿನ ಎ.ಸಿ. ತಿಂಗಳಿಗೆ ಎರಡು ಸಲ ಹಾಳಾಗತೊಡಗಿತು. ಹುಡುಗ ಓದು ಮುಗಿಸಿ ಊರಿಗೆ ಹೊರಟಾಗ ಗಿಟಾರನ್ನು ಇವರಿಗೇ ಕೊಟ್ಟು ಹೋದ.

"ಬ್ಲೂಸ್ ಅಂದ್ರೆ ಎಂತದು?" ಅಂತ ಕೇಳಿದೆ.

"ದುಃಖದ ಹಾಡು ಮಾರಾಯ್ತಿ. ಮೊದಲು ಒಂದು ಸಾಲು ಹೇಳುವುದು. ಅದನ್ನೇ ಇನ್ನೊಮ್ಮೆ ಹೇಳುವುದು. ಮೂರನೆಯ ಸಾಲಿನಲ್ಲಿ ಉತ್ತರ."

ನಾನು ಕಟಪಾಡಿಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಕಿವಿ ಕೇಳದ ಅಜ್ಜಂದಿರಿಗೂ ಮಾತ್ರೆ ಯಾವಾಗ ನುಂಗುವುದು ಅಂತ ಒಂದೇ ಸಲಕ್ಕೆ ಅರ್ಥ ಮಾಡಿಸುತ್ತೇನೆ. ಇವರಿಗೆ ಮಾತ್ರ ಯಾವುದನ್ನೂ ಒಂದು ಸಲ ಹೇಳಿ ಆದದ್ದಿಲ್ಲ.

"ಹಾಗಾದ್ರೆ ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿ ಬ್ಲೂಸ್ ಹಾಡ್ತಾ ಇರುವವಳು ನಾನೇ" ಅಂದೆ. "ಮೂರನೆಯ ಸಾಲು ಮಾತ್ರ ಇವತ್ತಿನವರೆಗೆ ಬರಲಿಲ್ಲ."

ಕಾರ್ಕಳದ ಜೀಪು

ಆಲ್ಬಮ್ಮಿಗೆ ಎಂಟು ಹಾಡು. ಏಳು ಬೇಗ ಆದವು. ಏಳರಲ್ಲೂ ನಾನು ಇವರನ್ನು ಬಿಟ್ಟು ಹೋಗುತ್ತೇನೆ. ಒಂದರಲ್ಲಿ ಮಳೆಯಲ್ಲಿ ಹೋಗುತ್ತೇನೆ, ಒಂದರಲ್ಲಿ ಚಪ್ಪಲಿ ಹಾಕದೆ ಹೋಗುತ್ತೇನೆ. ತುಳುವಿನಲ್ಲಿ ಹಾಡಿದರೆ ಊರಿಗೆಲ್ಲ ನಮ್ಮ ಮನೆಯದ್ದೇ ಕಥೆ ಅನಿಸುತ್ತದೆ ಅಂತ ಹೆದರಿ ಕನ್ನಡದಲ್ಲಿ ಬರೆದದ್ದು.

ಹೆದರಿ ಪ್ರಯೋಜನ ಆಗಲಿಲ್ಲ. ಜನರಿಗೆ ರುಚಿ ಹತ್ತಲಿ ಅಂತ ಒಂದು ಭಾನುವಾರ ಬೆಳಿಗ್ಗೆ "ಬೆಳಗಿನ ಬಸ್ಸಿಗೆ ಹೋದಳು" ಎಂಬ ಹಾಡಿನ ತುಂಡನ್ನು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದರು. ಒಂದೂವರೆ ಗಂಟೆಯಲ್ಲಿ ಕಾರ್ಕಳದಿಂದ ನನ್ನ ಅಣ್ಣ, ಸೋದರಮಾವನನ್ನು ಜೀಪಿಗೆ ಹತ್ತಿಸಿಕೊಂಡು ನಮ್ಮ ಅಂಗಳಕ್ಕೆ ಬಂದು ಇಳಿದ.

"ಎಲ್ಲಿಗೆ ಹೋದೆ ನೀನು?" ಅಂತ ನನ್ನನ್ನೇ ಕೇಳಿದ.

"ಎಲ್ಲಿಗೂ ಇಲ್ಲ. ಬೂತಾಯಿ ಮೀನು ಕಾಯಿಸ್ತಾ ಇದ್ದೇನೆ."

"ಮತ್ತೆ ಭಾವ 'ಹೋದಳು' ಅಂತ ಹಾಡಿದ್ದಾರಲ್ಲ!"

ಅದು ಬರೀ ಹಾಡು ಅಂತ ಇಬ್ಬರಿಗೂ ತಿಳಿಹೇಳಿ, ಊಟ ಬಡಿಸಿ ಸಮಾಧಾನ ಮಾಡಿದೆ. ಹೊರಡುವಾಗ ಮಾವ ಇವರನ್ನು ಪಕ್ಕಕ್ಕೆ ಕರೆದರು. "ಹಾಡಿ, ಬೇಡ ಅನ್ನುವುದಿಲ್ಲ. ಆದರೆ ಬಸ್ಸಿನಲ್ಲಿ ಹೋದಳು ಅಂತ ಮಾತ್ರ ಹೇಳಬೇಡಿ. ನಮ್ಮ ಹುಡುಗಿ ಬಿಟ್ಟು ಬರುವುದಾದರೆ ಜೀಪು ಕಳಿಸುವಷ್ಟು ಯೋಗ್ಯತೆ ನಮಗೆ ಉಂಟು."

ಅಕ್ಕನ ಅಂಜಲ್

ನೆರೆಮನೆಯ ಅಕ್ಕ ಮೀನು ಮಾರುವವರು. ಇವರ ಅಭ್ಯಾಸ ದಿನಾ ಗೋಡೆಯಾಚೆಯಿಂದ ಅವರ ಕಿವಿಗೆ ಬೀಳುತ್ತದೆ. ನನ್ನಿಂದ ಈ ಮನುಷ್ಯ ತುಂಬ ನೋವು ತಿಂದಿದ್ದಾನೆ ಅಂತ ಅವರು ಯಾವಾಗಲೋ ತೀರ್ಮಾನ ಮಾಡಿ ಆಗಿದೆ. ನನಗೆ ಮೀನು ತೂಗಿ ಕೊಟ್ಟು, ಮೇಲೆ ಒಂದು ತುಂಡು ಇಟ್ಟು "ಇದು ಅವನಿಗೆ, ನೀನು ತಿನ್ನಬೇಡ" ಅನ್ನುತ್ತಾರೆ.

"ಅಕ್ಕ, ಅವರು ಹಾಡುವುದೆಲ್ಲ ಸುಳ್ಳು."

"ಸುಳ್ಳು ಹೇಳುವವನ ಸ್ವರ ಅಷ್ಟು ನಡುಗ್ತದಾ? ನನಗೆ ಹೇಳ್ಲಿಕ್ಕೆ ಬರಬೇಡ."

ನನಗೆ ಸಿಟ್ಟು ಬಂತು. ಇವತ್ತೇ ಹೋಗಿ ಅಕ್ಕನಿಗೆ ಸತ್ಯ ಹೇಳಿ ಬನ್ನಿ ಅಂತ ಇವರಿಗೆ ಹೇಳಿದೆ. ಎರಡು ಸಲ ಹೇಳಿದೆ. ಇವರು ಮೀನಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. "ಆಲ್ಬಂ ಬರುವವರೆಗೆ ಸುಮ್ಮನಿರು ಮಾರಾಯ್ತಿ. ಇವತ್ತು ಅಂಜಲಿನಂಥ ದುಬಾರಿ ಮೀನು ಕೊಟ್ಟಿದ್ದಾರೆ."

ಎಂಟನೆಯ ಹಾಡು

ಬನ್ನಂಜೆಯ ಸ್ಟುಡಿಯೋದವರು ಭಜನೆ, ಮದುವೆ ಹಾಡು ರೆಕಾರ್ಡ್ ಮಾಡಿ ಪಳಗಿದವರು. ಇವರ ಎಂಟನೆಯ ಹಾಡನ್ನು ಮೂರು ಸಲ ವಾಪಸು ಕಳಿಸಿದರು. "ಸ್ವರ ಉಂಟು, ತಾಳ ಉಂಟು, ದುಃಖ ಇಲ್ಲ. ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಗ್ತದೆ ಅಂತ ಕೇಳುವಾಗಲೇ ಗೊತ್ತಾಗ್ತದೆ."

ಅವತ್ತು ಇವರು ಗಿಟಾರನ್ನು ಚೀಲಕ್ಕೆ ಹಾಕಿ ಕಪಾಟಿನ ಮೇಲಿಟ್ಟರು. "ಸಾಕು. ನನ್ನಿಂದ ಆಗುವ ಕೆಲಸ ಅಲ್ಲ ಇದು" ಅಂದರು. ದಿನವಿಡೀ ಏಣಿ ಹತ್ತಿ ಇಳಿದು ಬಂದು, ಸ್ಪ್ಯಾನರ್ ಹಿಡಿದ ಅದೇ ಬೆರಳಿನಲ್ಲಿ ಮೂರು ವರ್ಷ ತಂತಿ ಮೀಟಿದವರು. ಎಷ್ಟು ಗೇಲಿ ಮಾಡಿದರೂ, ಆಲ್ಬಂ ಬರಲೇಬೇಕು ಅಂತ ಅವರಿಗಿಂತ ಹೆಚ್ಚು ಆಸೆ ನನಗೇ ಇತ್ತು.

"ನಾಲ್ಕು ದಿನ ಕಾರ್ಕಳಕ್ಕೆ ಹೋಗ್ತೇನೆ" ಅಂದೆ. "ಬಿಟ್ಟು ಹೋದೆ ಅಂತಲೇ ತಿಳ್ಕೊಳ್ಳಿ. ಫೋನ್ ಮಾಡಬಾರದು."

ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ, ಮಾತ್ರೆಯ ಕವರಿನ ಮೇಲೆ ಬರೆಯುವ ಹಾಗೆ ದಪ್ಪ ಅಕ್ಷರದಲ್ಲಿ. ಬೆಕ್ಕಿಗೆ ಬೆಳಿಗ್ಗೆ ಒಂದು ಮೀನು, ರಾತ್ರಿ ಒಂದು, ನಿಮ್ಮ ಊಟದ ನಂತರ. ಪಂಪ್ ಹಾಕಿದರೆ ಆಫ್ ಮಾಡಲಿಕ್ಕೆ ನೆನಪಿರಲಿ. ಕೊನೆಗೆ ಒಲೆಯ ಮೇಲಿನ ಮೀನು ಸಾರು, ಅದೇ ಬಂಗುಡೆ ಗಸಿಯ ವಿಷಯ. ಮಾವನ ಮರ್ಯಾದೆ ಏನಾದರೂ ಆಗಲಿ ಅಂತ ಬೆಳಗಿನ ಬಸ್ಸಿಗೇ ಹೊರಟೆ. ಚೀಲ ಹಿಡಿದು ಗೇಟು ದಾಟುವಾಗ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತು "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಅಂತ ತೆಂಗಿನ ಮರಕ್ಕೆ ಹೇಳಿದರು.

ಐದನೆಯ ದಿನ ಬಂದಾಗ ಫ್ರಿಜ್ಜಿನ ಮೇಲೆ ಚೀಟಿ ಇರಲಿಲ್ಲ. ಹಾಡು ಆಯ್ತಾ ಅಂತ ಕೇಳಿದರೆ "ಸ್ಟುಡಿಯೋದವರು ಅತ್ತರು" ಅಂತ ಅಷ್ಟೇ ಹೇಳಿದರು.

ಆಲ್ಬಂ ಬಂದ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಅಂಗಳದಲ್ಲೇ ಸ್ಪೀಕರ್ ಇಟ್ಟೆವು. ಜೀಪಿನಲ್ಲಿ ಅಣ್ಣ, ಮಾವ ಬಂದರು. ಅಕ್ಕ ಮುಂದಿನ ಕುರ್ಚಿಯಲ್ಲೇ ಕೂತರು. ಏಳು ಹಾಡು ಮುಗಿಯಿತು. ಎಂಟನೆಯದರಲ್ಲಿ ಗಿಟಾರ್ ಒಂದು ನಿಟ್ಟುಸಿರು ಬಿಟ್ಟಿತು. ಆಮೇಲೆ ಇವರ ನಡುಗುವ ಸ್ವರ:

"ಗಸಿಗೆ ಉಪ್ಪು ಹಾಕಿ ಆಗಿದೆ, ಮತ್ತೆ ಹಾಕಬೇಡಿ..."

ಅಯ್ಯೋ ದೇವರೇ, ನನ್ನ ಚೀಟಿ! ಒಂದಕ್ಷರ ಬಿಡದೆ ಎತ್ತಿಕೊಂಡಿದ್ದಾರೆ.

"ಗಸಿಗೆ ಉಪ್ಪು ಹಾಕಿ ಆಗಿದೆ, ಮತ್ತೆ ಹಾಕಬೇಡಿ..."

ಗಿಟಾರ್ ಒಂದೇ ಸುಮಾರು ಹೊತ್ತು ಅತ್ತಿತು. ಅಕ್ಕ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಕೈ ಹಿಡಿದರು. "ಬಿಟ್ಟು ಹೋಗುವಾಗಲೂ ಉಪ್ಪು ಹಾಕಿ ಹೋಗಿದ್ದೀಯಲ್ಲ ಮಗಾ! ನಿನ್ನನ್ನು ಎಂತೆಲ್ಲ ಅಂದ್ಕೊಂಡೆ." ಮಾವ ಕನ್ನಡಕ ತೆಗೆದು ಒರೆಸಿದರು. ನನ್ನ ಮಾತು ಇವರ ಕಿವಿಗೆ ಬೀಳುವುದೇ ಇಲ್ಲ ಅಂತ ಇಷ್ಟು ವರ್ಷ ಬೈದಿದ್ದೆನಲ್ಲ.

ಆಗ ಬಂತು, ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಮೂರನೆಯ ಸಾಲು:

"ಹಾಕಿಬಿಟ್ಟೆ ಮಾರಾಯ್ತಿ, ಆಮೇಲೆ ಓದಿದೆ."