ಯಾರು ಬೇಕಾದರೂ ಬಳಸಬಹುದಾದ ಮದುವೆ

ಗದಗಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ವನಜಾಕ್ಷಿಗೆ ಮೈದುನ ಗುಂಡೂರಾಯನ ಹೊಸ ಯಂತ್ರ ಕಂಡ ಕೂಡಲೇ ತಲೆ ತಿರುಗಿತು. ಹಳೆಯ ವಾಷಿಂಗ್ ಮೆಷಿನ್ನಿನ ಹೊಟ್ಟೆಯೊಳಗೆ ಕಂಪ್ಯೂಟರು, ಪಕ್ಕೆಗೆ ಪ್ರಿಂಟರು!

"ವೈನೀ, ಇದು ಪಠ್ಯಮಥನಿ! ಹೊಟ್ಟಿಗೆ ಹಾಕಿದ ಬರಹ ಎಲ್ಲಾ ಕಡದು, ಪಾತ್ರ ಕಟ್ಟಿ ಆಡೋ ಆಟದ ಪುಸ್ತಕ ತಾನ ಮಾಡ್ತದ!"

"ಪಗಡಿ ಹಂಗೇನು?"

"ಅಲ್ಲ. ಒಬ್ಬಾಂವ ಕತಿ ಹೇಳ್ತಾನ, ಉಳಿದವರು ವೀರ, ಮಾಂತ್ರಿಕ, ಕಳ್ಳ ಆಗ್ತಾರ. ಗೆದ್ದರೋ ಸತ್ತರೋ ದಾಳ ಹೇಳ್ತದ."

"ಯಾರೋ ಬರದದ್ದನ್ನ ಕದ್ದು ಅಚ್ಚು ಹಾಕ್ತೀಯೇನು?"

"ಕದಿಯೋದೆಲ್ಲಿ ಬಂತು! ಇದೆಲ್ಲ ಮುಕ್ತ ಪರವಾನಗಿ. ಯಾರು ಬೇಕಾದ್ರೂ ಬಳಸಬಹುದು, ಬದಲಾಯಿಸಬಹುದು. ಮೂಲದವರ ಹೆಸರು ಹಾಕಬೇಕು, ನಾವು ಬೆರೆಸಿದ್ದನ್ನೂ ಎಲ್ಲಾರಿಗೂ ಬಿಟ್ಟುಕೊಡಬೇಕು. ಯಂತ್ರಕ್ಕ ಆ ಶರತ್ತು ಬಾಯಿಪಾಠ!"

ವನಜಾಕ್ಷಿಗೆ ಒಂದಕ್ಷರ ತಿಳಿಯಲಿಲ್ಲ. ಗುಂಡೂರಾಯ ಗುಂಡಿ ಒತ್ತಿದ. ಯಂತ್ರ ಗುಡುಗಿತು, ಕುಣಿಯಿತು, ಕುಣಿಯುತ್ತಲೇ ಮೇಜಿಗೆ ಗುದ್ದಿತು. ಮೇಜಿನ ಮೇಲಿದ್ದ ಶಿವಪುತ್ರಪ್ಪ ಸಾಹುಕಾರರ ಮಗಳ ಲಗ್ನಪತ್ರಿಕೆಯ ಕರಡು ಜಾರಿ ಅದರ ಹೊಟ್ಟೆ ಸೇರಿತು!

"ತಗಿಯೋ! ತಗಿಯೋ!"

ತೆಗೆಯುವುದರೊಳಗೆ ಪತ್ರಿಕೆ ಹೊರಬಂತು: 'ಚಿ.ಸೌ. ಶಶಿಕಲಾ, ಮೂರನೇ ಹಂತದ ವೀರೆ. ಚಿ. ಪ್ರಭುದೇವ, ಎರಡನೇ ಹಂತದ ಮಾಂತ್ರಿಕ. ಮಾವನನ್ನು ಎದುರಿಸಲು ದಾಳ ಹಾಕಿ. ಈ ಮದುವೆಯನ್ನು ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಮೂಲ ವಧೂವರರ ಹೆಸರು ಹಾಕುವುದು ಕಡ್ಡಾಯ.'

ವನಜಾಕ್ಷಿ ಪ್ಲಗ್ಗು ಕಿತ್ತಳು. ಅಷ್ಟರಲ್ಲೇ ಯಂತ್ರ ಊರಿನ ಮೊಬೈಲುಗಳಿಗೆಲ್ಲ ಅದನ್ನು ಹಂಚಿಬಿಟ್ಟಿತ್ತು!

ಸರಿಯಾದ ಪತ್ರಿಕೆಯನ್ನು ಅವಳು ಸಾಹುಕಾರರಿಗೆ ಪುಕ್ಕಟೆ ಅಚ್ಚು ಹಾಕಿಕೊಟ್ಟಳು. ಮದುವೆಯ ದಿನ ಮಂಟಪಕ್ಕೆ ಹೋದರೆ, ಶಶಿಕಲಾಳ ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡ ಇನ್ನೊಂದು ಜೋಡಿ!

"ಯಾರಲೇ ನೀವು?" ಸಾಹುಕಾರರು ಗರ್ಜಿಸಿದರು.

ಹೊಸ ವರ ಪತ್ರಿಕೆ ಚಾಚಿದ. "ಮಾರ್ಪಡಿಸಿದ ಮದುವಿ ರೀ. ನೋಡ್ರಿ, ಕೆಳಗ ನಿಮ್ಮ ಮಗಳ ಹೆಸರು ಹಾಕೇವಿ."

"ಕಾಯ್ದೆ ಪ್ರಕಾರ ಬರೋಬ್ಬರಿ ಅದ!" ಗುಂಡೂರಾಯ ಹಿಂದಿನಿಂದ ಕೂಗಿದ. ವನಜಾಕ್ಷಿ ಅವನ ತೋಳು ಚಿವುಟಿದಳು.

ಸಾಹುಕಾರರು ಕೋಲು ಹುಡುಕುತ್ತಿದ್ದರು. ಶಶಿಕಲಾ ನಗು ತಡೆಯಲಾರದೆ, "ಅಪ್ಪಾ, ಮುಹೂರ್ತ ಮೀರತೈತಿ. ಅವರೂ ಕುಂಡ್ರಲಿ ಬಿಡು!" ಎಂದಳು. ಸ್ವಾಮಿಗಳು ಯಾರಿಗೆ ಯಾವ ತಾಳಿ ಎಂದು ಎರಡು ಸಲ ಕೇಳಿಕೊಂಡು ಕಟ್ಟಿಸಿದರು.

ಅಕ್ಷತೆ ಬೀಳುವಷ್ಟರಲ್ಲಿ ಬಾಗಿಲಲ್ಲಿ ಬ್ಯಾಂಡು ಕೇಳಿಸಿತು. ಮೂರನೇ ಜೋಡಿ! ಅವರ ಪತ್ರಿಕೆಯ ಕೆಳಗೆ ಮೊದಲ ಎರಡೂ ಜೋಡಿಗಳ ಹೆಸರು ಸಣ್ಣಕ್ಷರದಲ್ಲಿದ್ದವು. ಏನು ಹೇಳುತ್ತಾಳೋ ಎಂದು ಎಲ್ಲರೂ ವನಜಾಕ್ಷಿಯ ಮುಖ ನೋಡಿದರು.

ಅವಳು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಓದಿದಳು.

"ಅಚ್ಚಿನ ತಪ್ಪೇನೂ ಇಲ್ರಿ," ಎಂದು ಊಟದ ಪಂಕ್ತಿಯ ಕಡೆಗೆ ನಡೆದಳು.